ಉಪಗ್ರಹವೂ ಊರ ಮಾಸ್ತರರೂ

ಗುಂಡಿ ತಿರುಗಿಸಿದೊಡನೆ ದೂರದ ಊರಿನ ದನಿಯೊಂದು ನಿಮ್ಮ ಮನೆಯ ಪಡಸಾಲೆಗೆ ಬಂದು ಕುಳಿತುಕೊಳ್ಳುತ್ತದೆ. ಸಂಗೀತಕ್ಕೆಂದು, ವಾರ್ತೆಗೆಂದು, ನಾಟಕಕ್ಕೆಂದು ನಾವು ಆ ದನಿಯನ್ನು ಕರೆಯುವುದು ವಾಡಿಕೆ. ಆದರೆ ಅದಕ್ಕೆ ಇನ್ನೊಂದು ಹಳೆಯ ಉದ್ಯೋಗವುಂಟು. ಶಾಲೆಯ ಉಪಾಧ್ಯಾಯರಿಗೆ ನೆರವಾಗುವ ಉದ್ಯೋಗ ಅದು. ೧೯೩೭ರ ಸುಮಾರಿಗೇ ದೆಹಲಿ, ಕಲ್ಕತ್ತ, ಮುಂಬಯಿ ಮತ್ತು ಮದರಾಸು ನಿಲಯಗಳು ಶಾಲೆಗಳಿಗೆಂದು ಪ್ರತ್ಯೇಕ ಕಾರ್ಯಕ್ರಮಗಳನ್ನು ಬಿತ್ತರಿಸತೊಡಗಿದ್ದವು. ಅದಕ್ಕೂ ಎರಡು ವರ್ಷ ಮೊದಲು, ೧೯೩೫ರಲ್ಲಿ, ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಹೆಸರಿನ ನಿಲಯವನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ವೃತ್ತಿಯಿಂದ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕನ್ನಡನಾಡಿನಲ್ಲಿ ಬಾನುಲಿಯ ತೊಟ್ಟಿಲನ್ನು ತೂಗಿದ ಕೈ ಒಬ್ಬ ಮೇಷ್ಟರದೇ ಎಂದಾಯಿತು.

ಹೊಸ ಯಂತ್ರವೊಂದು ಶಾಲೆಯ ಹೊಸ್ತಿಲಿಗೆ ಬಂದಾಗಲೆಲ್ಲ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಇನ್ನು ಮೇಷ್ಟರ ಕೆಲಸ ಮುಗಿಯಿತು’ ಎನ್ನುವವರು ಕೆಲವರು. ‘ಇದೆಲ್ಲ ನಾಲ್ಕು ದಿನದ ಸಡಗರ’ ಎನ್ನುವವರು ಇನ್ನು ಕೆಲವರು. ರೇಡಿಯೋ ಬಂದಾಗ ಈ ಮಾತು ಹುಟ್ಟಿತು. ಟೆಲಿವಿಷನ್ ಬಂದಾಗ ಮತ್ತೆ ಕೇಳಿಸಿತು. ಕಂಪ್ಯೂಟರು ಬಂದ ಮೇಲೂ ನಿಂತಿಲ್ಲ. ಇಂಥ ವಿವಾದವು ವಾದದಿಂದ ತೀರುವಂಥದಲ್ಲ, ಪರೀಕ್ಷೆಯಿಂದ ತೀರಬೇಕು. ಅಂಥ ಒಂದು ದೊಡ್ಡ ಪರೀಕ್ಷೆ ನಮ್ಮ ನಾಡಿನ ಉತ್ತರದ ಮೂರು ಜಿಲ್ಲೆಗಳಲ್ಲಿ ಒಂದು ವರ್ಷ ಕಾಲ ನಡೆಯಿತು. ಅದರಲ್ಲಿ ಗೆದ್ದುದು ಯಾವುದು, ಸೋತುದು ಯಾವುದು ಎಂಬುದನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಆ ಕಾಲದ ಸ್ಥಿತಿಯನ್ನು ನೆನೆದುಕೊಳ್ಳಿ. ನಮ್ಮ ದೇಶದಲ್ಲಿ ಟೆಲಿವಿಷನ್ ಪ್ರಸಾರ ಆರಂಭವಾದದ್ದು ದೆಹಲಿಯಲ್ಲಿ, ೧೯೫೯ರ ಸೆಪ್ಟೆಂಬರ್ ೧೫ರಂದು. ೧೯೬೧ರ ಅಕ್ಟೋಬರಿನಲ್ಲಿ ಅಲ್ಲಿನ ಶಾಲೆಗಳಿಗೆ ಪಾಠಗಳ ಪ್ರಸಾರವೂ ತೊಡಗಿತು. ಆದರೆ ಗೋಪುರದಿಂದ ಹೊರಟ ಟೆಲಿವಿಷನ್ ತರಂಗ ಭೂಮಿಯ ಬಾಗನ್ನು ಅನುಸರಿಸಿ ಬಹು ದೂರ ಹೋಗಲಾರದು. ಹಲವು ಹತ್ತು ಮೈಲಿಗಳಲ್ಲಿ ಅದರ ಹರವು ಮುಗಿಯುತ್ತದೆ. ಹೀಗಾಗಿ ಮೊದಲು ರಾಜಧಾನಿ, ಆಮೇಲೆ ದೊಡ್ಡ ನಗರ, ಆಮೇಲೆ ಪಟ್ಟಣ, ಎಲ್ಲಕ್ಕೂ ಕೊನೆಯಲ್ಲಿ ಹಳ್ಳಿ ಎಂಬ ಸರದಿ ತಾನಾಗಿಯೇ ಏರ್ಪಡುತ್ತದೆ. ರಸ್ತೆ, ದೀಪ, ಆಸ್ಪತ್ರೆ ಇವುಗಳ ವಿಷಯದಲ್ಲಿ ನಮ್ಮ ಹಳ್ಳಿಗಳು ಈ ಸರದಿಯನ್ನು ಬಹುಕಾಲ ಕಂಡಿವೆ.

ಈ ಸರದಿಯನ್ನೇ ತಿರುಗಿಸಬಹುದು ಎಂದು ಕಂಡವರು ಡಾ. ವಿಕ್ರಮ್ ಸಾರಾಭಾಯಿ. ಅಹಮದಾಬಾದಿನ ಶ್ರೀಮಂತ ಮನೆತನದಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದ ದಿನಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ನಡೆಸಿದವರು ಅವರು. ಭೂಮಧ್ಯರೇಖೆಯ ನೇರಕ್ಕೆ, ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿಯ ವೇಗಕ್ಕೆ ಸರಿಯಾಗಿ ಸುತ್ತುವುದರಿಂದ ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ ಇರುತ್ತದೆ. ಅಂಥ ಉಪಗ್ರಹಗಳಿಂದ ಸುದ್ದಿ ಸಾಗಿಸಬಹುದೆಂದು ೧೯೪೫ರಲ್ಲೇ ಆರ್ಥರ್ ಸಿ. ಕ್ಲಾರ್ಕ್ ಬರೆದಿದ್ದರು. ಅಷ್ಟೆತ್ತರದಿಂದ ನೋಡುವವನಿಗೆ ಬೆಂಗಳೂರೂ ಒಂದೇ, ಸುರಪುರದ ಸೀಮೆಯ ಕುಗ್ರಾಮವೂ ಒಂದೇ. ಮೇಲಿನಿಂದ ಸುರಿಯುವ ಮಳೆ ಅರಮನೆ, ಗುಡಿಸಲು ಎಂದು ಭೇದ ಮಾಡುವುದಿಲ್ಲವಲ್ಲ, ಹಾಗೆ. ಹಿಂದುಳಿದ ಹಳ್ಳಿಗೇ ಮೊದಲು ಪಾಠ ಹೋಗಲಿ ಎಂಬುದು ಸಾರಾಭಾಯಿಯವರ ಹಂಬಲ. ೧೯೬೯ರ ಸೆಪ್ಟೆಂಬರಿನಲ್ಲಿ ಭಾರತದ ಅಣುಶಕ್ತಿ ಇಲಾಖೆಗೂ ಅಮೆರಿಕದ ‘ನಾಸಾ’ ಸಂಸ್ಥೆಗೂ ಒಪ್ಪಂದವಾಯಿತು. ಅಮೆರಿಕದವರು ತಮ್ಮ ಒಂದು ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಡುವುದು. ಕಾರ್ಯಕ್ರಮ, ಗ್ರಾಹಕ ಯಂತ್ರ, ದುರಸ್ತಿ ಎಲ್ಲವೂ ನಮ್ಮವರ ಹೊಣೆ. ೧೯೭೧ರ ಡಿಸೆಂಬರ್ ೩೦ರಂದು ಸಾರಾಭಾಯಿ ಅಕಾಲದಲ್ಲಿ ತೀರಿಕೊಂಡರು. ಆದರೆ ಕೆಲಸ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಕುಳಿತು ಬಾಹ್ಯಾಕಾಶ ಸಂಸ್ಥೆಯನ್ನು ನಡೆಸಿದ ಪ್ರೊ. ಸತೀಶ್ ಧವನ್, ಅಹಮದಾಬಾದಿನ ಕೇಂದ್ರದ ಹೊಣೆ ಹೊತ್ತ ಪ್ರೊ. ಯಶಪಾಲ್ ಮೊದಲಾದವರು ಅದನ್ನು ದಡ ಮುಟ್ಟಿಸಿದರು.

ಎ.ಟಿ.ಎಸ್.-೬ ಎಂಬ ಹೆಸರಿನ ಆ ಉಪಗ್ರಹ ೧೯೭೪ರ ಮೇ ೩೦ರಂದು ಆಕಾಶಕ್ಕೇರಿತು. ಅದರ ವಿಶೇಷವನ್ನು ಎರಡು ಮಾತಿನಲ್ಲಿ ಹೇಳಬಹುದು. ಅದಕ್ಕೆ ಮುಂಚಿನ ಉಪಗ್ರಹಗಳ ದನಿ ಬಲು ಕ್ಷೀಣ. ಅದನ್ನು ಹಿಡಿಯಲು ನೆಲದ ಮೇಲೆ ಭಾರಿ ನಿಲಯಗಳೇ ಬೇಕಾಗಿದ್ದವು. ಈ ಉಪಗ್ರಹವಾದರೋ ಆಕಾಶದಲ್ಲಿ ಮೂವತ್ತು ಅಡಿ ಅಗಲದ ಕೊಡೆಯನ್ನು ಬಿಚ್ಚಿ ತನ್ನ ಶಕ್ತಿಯನ್ನೆಲ್ಲ ಒಂದೇ ಕಡೆಗೆ ಹರಿಸಬಲ್ಲುದಾಗಿತ್ತು. ಮೇಲಿನ ಕೊಡೆ ದೊಡ್ಡದಾದಷ್ಟೂ ಕೆಳಗಿನ ಕೊಡೆ ಚಿಕ್ಕದಾದರೆ ಸಾಕು. ಹೀಗಾಗಿ ಹಳ್ಳಿಯಲ್ಲಿ ನಿಲ್ಲಿಸಬೇಕಾದದ್ದು ಹತ್ತು ಅಡಿ ಅಗಲದ ಒಂದು ಬೋಗುಣಿ ಮಾತ್ರ. ಅದೂ ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ್ದು. ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ನಿನವರು ಟೆಲಿವಿಷನ್ ಪೆಟ್ಟಿಗೆಗಳನ್ನು ಮಾಡಿಕೊಟ್ಟರು. ಇಂಥದೇ ಒಂದು ಬೋಗುಣಿ ಕೊಲಂಬೊದಲ್ಲಿದ್ದ ಆರ್ಥರ್ ಕ್ಲಾರ್ಕರ ಮನೆಗೂ ಹೋಯಿತು. ಮೂವತ್ತು ವರ್ಷದ ಹಿಂದೆ ತಾವು ಬರೆದ ಕಲ್ಪನೆ ಕಾರ್ಯಕ್ಕೆ ಬಂದುದನ್ನು ಅವರು ಮನೆಯಲ್ಲಿ ಕುಳಿತೇ ಕಂಡರು!

ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗವೆಂಬ ಈ ಕಾರ್ಯ, ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಜನ ಕರೆದಂತೆ ‘ಸೈಟ್’, ೧೯೭೫ರ ಆಗಸ್ಟ್ ೧ರಂದು ಆರಂಭವಾಯಿತು. ಕರ್ನಾಟಕ, ಆಂಧ್ರಪ್ರದೇಶ, ಒರಿಸ್ಸಾ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ ಈ ಆರು ರಾಜ್ಯಗಳಲ್ಲಿ ಒಟ್ಟು ಸುಮಾರು ೨,೪೦೦ ಹಳ್ಳಿಗಳು. ಎಂದರೆ ರಾಜ್ಯಕ್ಕೆ ಸರಾಸರಿ ನಾನೂರು. ನಮ್ಮಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಇಂದು ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ವಿಜಯಪುರ, ಬಾಗಲಕೋಟೆ ಎಂದು ಆರಾಗಿರುವ ಸೀಮೆ ಅದು. ಬೆಂಗಳೂರಿನ ಜನ ಟೆಲಿವಿಷನ್ ನಿಲಯವನ್ನು ಕಂಡದ್ದು ೧೯೮೧ರ ನವೆಂಬರಿನಲ್ಲಿ. ರಾಜಧಾನಿಗಿಂತ ಆರು ವರ್ಷ ಮೊದಲೇ ಕೃಷ್ಣೆ, ಭೀಮೆಯರ ದಡದ ಹಳ್ಳಿಗಳ ಮಕ್ಕಳು ಕನ್ನಡ ಮಾತನಾಡುವ ಚಿತ್ರಪೆಟ್ಟಿಗೆಯ ಮುಂದೆ ಕುಳಿತರು. ಸಾರಾಭಾಯಿಯವರು ಕನಸಿದ ತಿರುವುಮುರುವು ಒಂದು ವರ್ಷದ ಮಟ್ಟಿಗಾದರೂ ನಿಜವಾಯಿತು.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಸಂಜೆಯ ಎರಡೂವರೆ ಗಂಟೆ ದೊಡ್ಡವರಿಗೆ: ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕ. ಬೆಳಗಿನ ಒಂದೂವರೆ ಗಂಟೆ ಐದರಿಂದ ಹನ್ನೆರಡು ವರ್ಷದ ಶಾಲೆಯ ಮಕ್ಕಳಿಗೆ. ಅದನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ಈ ನಾಲ್ಕು ಭಾಷೆಗಳಿಗೆ ಸಮನಾಗಿ ಹಂಚಿದ್ದರು. ಲೆಕ್ಕ ಹಾಕಿ ನೋಡಿ: ಕನ್ನಡದ ಮಕ್ಕಳ ಪಾಲಿಗೆ ಬಂದದ್ದು ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ. ಪಠ್ಯಪುಸ್ತಕದ ಪಾಠವನ್ನೇ ಒಪ್ಪಿಸದೆ, ಮಕ್ಕಳ ಕುತೂಹಲವನ್ನು ಕೆರಳಿಸಬೇಕು, ಸುತ್ತಲಿನ ಲೋಕವನ್ನು ಕಣ್ಣುಬಿಟ್ಟು ನೋಡುವಂತೆ ಮಾಡಬೇಕು ಎಂಬುದು ಈ ಕಾರ್ಯಕ್ರಮಗಳ ಗುರಿ.

ಈಗ ಆ ಶಾಲೆಯ ಕೋಣೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಇರುವುದು ಒಂದು ಪೆಟ್ಟಿಗೆ, ಚಿತ್ರ ಕಪ್ಪು-ಬಿಳುಪಿನದು. ಐದು ವರ್ಷದ ಕೂಸೂ ಹನ್ನೆರಡು ವರ್ಷದ ಹುಡುಗನೂ ನೋಡಬೇಕಾದದ್ದು ಅದೇ ಚಿತ್ರವನ್ನು. ಪೆಟ್ಟಿಗೆ ಮಾತನಾಡುತ್ತದೆ, ಆದರೆ ಅದಕ್ಕೆ ಕಿವಿಯಿಲ್ಲ. ‘ಯಾಕ್ರೀ ಮಾಸ್ತರ?’ ಎಂದು ಮಗು ಕೇಳಿದರೆ ಅದು ನಿಲ್ಲುವುದಿಲ್ಲ, ಹಿಂದಿರುಗಿ ಹೇಳುವುದಿಲ್ಲ. ಇಪ್ಪತ್ತೆರಡೂವರೆ ನಿಮಿಷ ಕಳೆದ ಮೇಲೆ ಚಿತ್ರ ಆರುತ್ತದೆ, ಪ್ರಶ್ನೆ ಮಾತ್ರ ಉಳಿಯುತ್ತದೆ. ಆ ಪ್ರಶ್ನೆ ಯಾರ ಕೈಗೆ ಬೀಳುತ್ತದೆ? ಊರ ಮಾಸ್ತರರ ಕೈಗೆ. ಹಲವು ಕಡೆ ಒಬ್ಬರೇ ಮಾಸ್ತರರು, ಒಂದೇ ಕೋಣೆ, ನಾಲ್ಕು ತರಗತಿ. ವಿಜ್ಞಾನವನ್ನು ಅವರು ತಾವು ಕಲಿತದ್ದೇ ಉರುಹೊಡೆದು. ಪ್ರಯೋಗ ಮಾಡಿ ನೋಡುವ ಅವಕಾಶ ಎಷ್ಟು ಜನಕ್ಕೆ ಸಿಕ್ಕಿದ್ದೀತು? ಮಕ್ಕಳಲ್ಲಿ ಕುತೂಹಲವನ್ನು ಕೆರಳಿಸಿ, ಅದನ್ನು ತಣಿಸಬೇಕಾದವರನ್ನು ಬರಿಗೈಯಲ್ಲಿ ನಿಲ್ಲಿಸಿದರೆ ಉಪಕಾರವಾಗುವುದರ ಬದಲು ಅಪಕಾರವೇ ಆದೀತು.

ಯೋಜನೆಯವರು ಈ ಸಂಗತಿಯನ್ನು ಮನಗಂಡಿದ್ದರೆಂಬುದೇ ಈ ಪ್ರಯೋಗದ ಹೆಚ್ಚುಗಾರಿಕೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಲಿಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆಂದೇ ಹನ್ನೆರಡು ದಿನಗಳ ವಿಜ್ಞಾನ ಶಿಕ್ಷಣವನ್ನು ಸಿದ್ಧಪಡಿಸಿದರು. ೧೯೭೫ರ ಅಕ್ಟೋಬರಿನಲ್ಲಿ ಒಮ್ಮೆ, ೧೯೭೬ರಲ್ಲಿ ಮತ್ತೊಮ್ಮೆ ಅದು ನಡೆಯಿತು. ಆರು ರಾಜ್ಯಗಳಲ್ಲೂ ಸೇರಿ ಪ್ರತಿ ಸಲಕ್ಕೆ ಸುಮಾರು ೨೪,೦೦೦ ಉಪಾಧ್ಯಾಯರು. ಅಷ್ಟು ಮಂದಿಯನ್ನು ಪಟ್ಟಣಗಳ ತರಬೇತಿ ಶಾಲೆಗಳಿಗೆ ಕರೆಸಿ ಕಲಿಸಹೊರಟಿದ್ದರೆ ಎಷ್ಟು ವರ್ಷ ಹಿಡಿಯುತ್ತಿತ್ತೋ! ಇಲ್ಲಿ ಟೆಲಿವಿಷನ್ ಇದ್ದ ಹಳ್ಳಿಯ ಶಾಲೆಯೇ ತರಬೇತಿಯ ಕೇಂದ್ರ. ಸುತ್ತಲಿನ ಊರುಗಳ ಹತ್ತೆಂಟು ಮಂದಿ ಉಪಾಧ್ಯಾಯರು ಅಲ್ಲಿ ಸೇರಿದರೆ ಸಾಕು.

ಅದರ ಕ್ರಮವನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಗುಟ್ಟು ಇರುವುದು ಅಲ್ಲಿಯೇ. ಮೊದಲು ಟೆಲಿವಿಷನ್ನಿನಲ್ಲಿ ಪಾಠ. ಕೈಯಲ್ಲಿ ಅಚ್ಚಾದ ಕೈಪಿಡಿ. ಪಾಠ ಮುಗಿದೊಡನೆ ಎದ್ದು ಹೋಗುವಂತಿಲ್ಲ; ಮುಂಚೆಯೇ ತಯಾರಾಗಿ ಬಂದ ಒಬ್ಬ ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ ಎಲ್ಲರೂ ಕೂಡಿ ಚರ್ಚಿಸಬೇಕು, ಊರಿನಲ್ಲೇ ಸಿಗುವ ಸಾಮಾನುಗಳಿಂದ ಪ್ರಯೋಗಗಳನ್ನು ತಾವೇ ಮಾಡಬೇಕು. ಇದರ ಜೊತೆಗೆ ರೇಡಿಯೋ ಕಾರ್ಯಕ್ರಮ. ಹೌದು, ಉಪಗ್ರಹದ ಆ ವೈಭವದ ನಡುವೆಯೂ ನಮ್ಮ ಹಳೆಯ ಬಾನುಲಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಚಿತ್ರ, ಧ್ವನಿ, ಅಚ್ಚು, ಕೈಕೆಲಸ ಈ ನಾಲ್ಕು ಕಾಲುಗಳ ಮೇಲೆ ಆ ಹನ್ನೆರಡು ದಿನಗಳ ಚಪ್ಪರ ನಿಂತಿತ್ತು.

ಇದರಿಂದ ಏನು ವ್ಯತ್ಯಾಸ ಎನ್ನುತ್ತೀರಾ? ನೀವೇ ಒಂದು ಉದಾಹರಣೆಯನ್ನು ಯೋಚಿಸಿ. ಬೋಗುಣಿಯಲ್ಲಿ ನೀರು ತುಂಬಿ, ಒಣಗಿದ ಲೋಟವೊಂದನ್ನು ಬೋರಲಾಗಿ ನೇರಕ್ಕೆ ಅದುಮಿದರೆ ಒಳಗೆ ನೀರು ಏರುವುದಿಲ್ಲ. ಒಳಗಿರುವ ಗಾಳಿ ಜಾಗ ಬಿಡುವುದಿಲ್ಲ. ಇದನ್ನು ಪರದೆಯ ಮೇಲೆ ಕಂಡ ಮಗು ಬೆರಗಾಗಬಹುದು. ಆದರೆ ಲೋಟವನ್ನು ಸ್ವಲ್ಪ ವಾರೆ ಮಾಡಿದರೆ ಏನಾಗುತ್ತದೆಂದು ಆ ಮಗು ಕೇಳಿದಾಗ, ಹಿಂದಿನ ತಿಂಗಳು ತಮ್ಮ ಕೈಯಿಂದಲೇ ಅದನ್ನು ಮಾಡಿ ನೋಡಿದ ಮಾಸ್ತರರು ‘ಬಾರಪ್ಪಾ, ನೀನೇ ಮಾಡಿ ನೋಡು’ ಎಂದು ಕರೆಯುತ್ತಾರೆ. ಮಾಡಿ ನೋಡದ ಮಾಸ್ತರರು ‘ಸುಮ್ಮನೆ ಕೂತ್ಕೋ’ ಎನ್ನುತ್ತಾರೆ. ಎರಡು ಮಾತಿನ ನಡುವೆ ಇರುವ ಅಂತರವೇ ವಿದ್ಯಾಭ್ಯಾಸದ ಅಂತರ.

ಪ್ರಯೋಗದ ಫಲವೇನೆಂದು ಅಳೆಯುವ ಕೆಲಸವೂ ಅಷ್ಟೇ ಶ್ರದ್ಧೆಯಿಂದ ನಡೆಯಿತು. ಸಮಾಜವಿಜ್ಞಾನಿಗಳು ಪ್ರಶ್ನಾವಳಿ ಹಿಡಿದು ಊರೂರು ತಿರುಗಿದರು. ಮಾನವಶಾಸ್ತ್ರಜ್ಞರು ಕೆಲವು ಹಳ್ಳಿಗಳಲ್ಲೇ ತಿಂಗಳುಗಟ್ಟಲೆ ನೆಲಸಿದರು. ಅವರು ಕಂಡುಕೊಂಡದ್ದು ಉತ್ಸಾಹಿಗಳನ್ನೂ ನಿರಾಶಾವಾದಿಗಳನ್ನೂ ಒಟ್ಟಿಗೆ ಸುಮ್ಮನಿರಿಸುವಂಥದು. ಟೆಲಿವಿಷನ್ ನೋಡಿದ ಮಕ್ಕಳ ಭಾಷೆ ಬೆಳೆದಿತ್ತು. ಪುಸ್ತಕದ ಹೊರಗಿನಿಂದಲೂ ತಿಳಿವಳಿಕೆ ಪಡೆಯಬೇಕೆಂಬ ಆಸೆ ಹೆಚ್ಚಿತ್ತು. ಆದರೆ ಶಾಲೆಯ ಪರೀಕ್ಷೆಯ ಅಂಕಗಳು ಏರಲಿಲ್ಲ. ಪೆಟ್ಟಿಗೆ ಬಂದಿತೆಂದು ಶಾಲೆಗೆ ಸೇರುವ ಮಕ್ಕಳ ಸಂಖ್ಯೆಯೂ ಹೆಚ್ಚಾಗಲಿಲ್ಲ. ಹೊಲಕ್ಕೆ, ದನಕ್ಕೆ, ತಮ್ಮ ತಂಗಿಯರನ್ನು ನೋಡಿಕೊಳ್ಳುವುದಕ್ಕೆ ಮನೆಯಲ್ಲಿ ಉಳಿಯಬೇಕಾದ ಮಗುವನ್ನು ಯಾವ ಚಿತ್ರ ತಾನೆ ಬಿಡಿಸಿ ತಂದೀತು? ದೊಡ್ಡವರ ಪೈಕಿ ಓದುಬರಹ ಬಾರದವರಿಗೆ, ಅದರಲ್ಲೂ ಹೆಂಗಸರಿಗೆ, ಸಂಜೆಯ ಕಾರ್ಯಕ್ರಮಗಳಿಂದ ಹೆಚ್ಚು ತಿಳಿವಳಿಕೆ ದೊರಕಿತೆಂದು ಕಂಡುಬಂದಿತು. ಇನ್ನು ಉಪಾಧ್ಯಾಯರ ಹನ್ನೆರಡು ದಿನಗಳ ಶಿಕ್ಷಣ? ಅದರಿಂದ ಅವರ ವಿಜ್ಞಾನದ ತಿಳಿವು ಹೆಚ್ಚಿತೆಂಬುದು ಸ್ಪಷ್ಟವಾಗಿ ಗೋಚರವಾಯಿತು.

ಒಪ್ಪಂದದ ಅವಧಿ ೧೯೭೬ರ ಜುಲೈ ೩೧ಕ್ಕೆ ಮುಗಿಯಿತು. ಎರವಲು ತಂದ ಒಡವೆಯನ್ನು ಹಿಂದಿರುಗಿಸಲೇಬೇಕಲ್ಲವೆ? ಉಪಗ್ರಹವನ್ನು ಅಮೆರಿಕದವರು ಮೆಲ್ಲಗೆ ತಮ್ಮ ದಿಕ್ಕಿಗೆ ಸರಿಸಿಕೊಂಡರು. ಅದನ್ನೇ ನೆಚ್ಚಿದ್ದ ತಂತಿಬಲೆಯ ಬೋಗುಣಿಗಳು ಬರಿಯ ಆಕಾಶವನ್ನು ನೋಡುತ್ತ ನಿಂತವು. ೧೯೭೭ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಗೋಪುರವೊಂದು ಎದ್ದಿತಾದರೂ ಅದರ ಹರವಿಗೆ ಸಿಗದ ಹಳ್ಳಿಗಳು ಬಹಳ. ೧೯೮೩ರಲ್ಲಿ ನಮ್ಮದೇ ಆದ ಇನ್ಸಾಟ್-೧ಬಿ ಆಕಾಶಕ್ಕೇರಿದಾಗ ಶಾಲೆಯ ಟೆಲಿವಿಷನ್ ಮತ್ತೆ ಆರು ರಾಜ್ಯಗಳಿಗೆ ದೊರೆಯಿತು. ಆದರೆ ಈ ಬಾರಿ ಆರಿಸಿದ್ದು ಆಂಧ್ರಪ್ರದೇಶ, ಒರಿಸ್ಸಾ, ಬಿಹಾರ, ಉತ್ತರಪ್ರದೇಶ, ಮಹಾರಾಷ್ಟ್ರ ಮತ್ತು ಗುಜರಾತನ್ನು. ಕರ್ನಾಟಕ ಆ ಪಟ್ಟಿಯಲ್ಲಿ ಇರಲಿಲ್ಲ. ಮೊದಲ ಸಾಲಿನಲ್ಲಿ ಕುಳಿತು ಪಾಠ ಕೇಳಿದ ನಮ್ಮ ಮೂರು ಜಿಲ್ಲೆಗಳು ಎರಡನೆಯ ಪಾಠದ ಹೊತ್ತಿಗೆ ಹೊರಗೆ ಉಳಿದವು.

ಇಲ್ಲಿ ತುಸು ನಿಂತು ಯೋಚಿಸೋಣ. ಉಪಗ್ರಹ ಹೋಯಿತು, ಪೆಟ್ಟಿಗೆ ಮೂಲೆ ಸೇರಿತು. ಉಳಿದದ್ದು ಏನು? ಆ ಹನ್ನೆರಡು ದಿನ ಲೋಟ, ಬೋಗುಣಿ ಹಿಡಿದು ಕಲಿತ ಉಪಾಧ್ಯಾಯರು ಉಳಿದರು. ಒಬ್ಬ ಉಪಾಧ್ಯಾಯರು ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಕೆಲಸ ಮಾಡಿ, ವರ್ಷಕ್ಕೆ ಮೂವತ್ತು ಮಕ್ಕಳಿಗೆ ಕಲಿಸಿದರೆಂದು ಇಟ್ಟುಕೊಳ್ಳಿ, ಆರುನೂರು ಮಕ್ಕಳಾಯಿತು. ಯಂತ್ರಕ್ಕೆ ಹಾಕಿದ ಹಣ ಯಂತ್ರದೊಡನೆ ಸವೆಯುತ್ತದೆ. ಉಪಾಧ್ಯಾಯರಿಗೆ ಹಾಕಿದ ಹಣ ಬೀಜದ ಹಾಗೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ವರ್ಷವರ್ಷವೂ ತೆನೆ ಬಿಡುತ್ತದೆ.

ಈ ಅರಿವು ನಮ್ಮ ನಾಡಿನಲ್ಲಿ ಪೂರ್ತಿ ಮರೆತುಹೋಗಲಿಲ್ಲ. ೧೯೯೬ರ ಜನವರಿಯಲ್ಲಿ ಉಪಗ್ರಹದ ಮೂಲಕವೇ ಪ್ರಾಥಮಿಕ ಶಾಲೆಯ ಉಪಾಧ್ಯಾಯರ ತರಬೇತಿ ಕರ್ನಾಟಕದಲ್ಲಿ ಮತ್ತೊಮ್ಮೆ ನಡೆಯಿತು. ಇಪ್ಪತ್ತು ಕೇಂದ್ರಗಳಲ್ಲಿ ಸುಮಾರು ೮೫೦ ಮಂದಿ ಉಪಾಧ್ಯಾಯರು ಏಳು ದಿನ ಕುಳಿತು ಕಲಿತರು. ಈ ಬಾರಿ ಪೆಟ್ಟಿಗೆಗೆ ಕಿವಿಯೂ ಬಂದಿತ್ತು: ಕೇಂದ್ರದಿಂದ ಉಪಾಧ್ಯಾಯರು ಫೋನಿನಲ್ಲಿ ಪ್ರಶ್ನೆ ಕೇಳಿದರೆ ಪರದೆಯ ಮೇಲಿನ ತಜ್ಞರು ಆಗಲೇ ಉತ್ತರ ಹೇಳುತ್ತಿದ್ದರು. ೨೦೦೪ರ ಸೆಪ್ಟೆಂಬರ್ ೨೦ರಂದು ಶ್ರೀಹರಿಕೋಟೆಯಿಂದ, ವಿದ್ಯಾಭ್ಯಾಸಕ್ಕೆಂದೇ ಮೀಸಲಾದ ‘ಎಜುಸಾಟ್’ ಉಪಗ್ರಹವನ್ನು ಹಾರಿಸಿದಾಗ, ಅದರ ಮೊದಮೊದಲ ಶಾಲಾ ಪ್ರಯೋಗಗಳಲ್ಲೊಂದು ನಡೆದದ್ದು ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ. ಅಲ್ಲಿನ ೮೦೦ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳು ಅದರ ವ್ಯಾಪ್ತಿಗೆ ಬಂದವು. ೨೦೧೦ರಲ್ಲಿ ಆ ಉಪಗ್ರಹದ ಆಯುಷ್ಯವೂ ತೀರಿತು. ಉಪಗ್ರಹಗಳಿಗೆ ನಿವೃತ್ತಿ ಬಹು ಬೇಗ!

ಕೊನೆಯ ಪರೀಕ್ಷೆಯನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ೨೦೨೦ರಲ್ಲಿ ಕೊರೋನಾ ಪಿಡುಗು ಶಾಲೆಗಳ ಬಾಗಿಲನ್ನು ಮುಚ್ಚಿಸಿದಾಗ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು, ಆಕಾಶವಾಣಿಯಲ್ಲೂ ಬಂದವು, ಮೊಬೈಲ್ ಫೋನಿನಲ್ಲಂತೂ ಬಂದೇ ಬಂದವು. ನಿಮ್ಮ ಮನೆಯ ಮಕ್ಕಳೂ ಫೋನು ಹಿಡಿದು ಕುಳಿತಿದ್ದನ್ನು ಮರೆತಿರಲಾರಿರಿ. ಆದರೆ ಫೋನಿಲ್ಲದ ಮನೆಗಳೆಷ್ಟು? ಇದ್ದ ಒಂದು ಫೋನನ್ನು ತಂದೆ ದುಡಿಮೆಗೆ ಹೋಗುವಾಗ ಜೇಬಿನಲ್ಲಿಟ್ಟುಕೊಂಡು ಹೊರಟ ಮನೆಗಳೆಷ್ಟು? ಆ ವರ್ಷದ ಆಗಸ್ಟಿನಲ್ಲಿ ರಾಜ್ಯದಲ್ಲಿ ‘ವಿದ್ಯಾಗಮ’ ಎಂಬ ಯೋಜನೆ ಆರಂಭವಾಯಿತು. ಮಕ್ಕಳು ಶಾಲೆಗೆ ಬರುವಂತಿಲ್ಲದಿದ್ದರೆ ಉಪಾಧ್ಯಾಯರೇ ಮಕ್ಕಳಿರುವಲ್ಲಿಗೆ ಹೋಗಬೇಕು; ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ, ಸಿಕ್ಕಿದ ಜಾಗದಲ್ಲಿ ಗುಂಪು ಕೂಡಿಸಿ ಕಲಿಸಬೇಕು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ೨೦೨೧ರ ಜನವರಿಯಲ್ಲಿ ಮತ್ತೆ ತೊಡಗಿತು. ಉಪಗ್ರಹ, ವಾಹಿನಿ, ಫೋನು ಎಲ್ಲವೂ ಇದ್ದ ಕಾಲದಲ್ಲೂ ಕಟ್ಟಕಡೆಯ ಮಗುವನ್ನು ಮುಟ್ಟುವುದಕ್ಕೆ ಎರಡು ಕಾಲಿನ ಉಪಾಧ್ಯಾಯರೇ ಬೇಕಾದರು.

ಇದನ್ನು ಯಂತ್ರದ ನಿಂದೆಯೆಂದು ದಯವಿಟ್ಟು ಭಾವಿಸಬೇಡಿ. ಉಪಗ್ರಹವಿಲ್ಲದಿದ್ದರೆ ೧೯೭೫ರಲ್ಲಿ ಹನ್ನೆರಡೇ ದಿನಗಳಲ್ಲಿ ೨೪,೦೦೦ ಉಪಾಧ್ಯಾಯರಿಗೆ ಒಟ್ಟಿಗೆ ವಿಜ್ಞಾನ ಕಲಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ಯಂತ್ರವನ್ನು ಮಾಸ್ತರರ ಬದಲಿಗೆ ತಂದು ನಿಲ್ಲಿಸಿದಾಗ ಅಂಕಗಳು ಅಲುಗಲಿಲ್ಲ. ಮಾಸ್ತರರಿಗೇ ಕಲಿಸಲು ತಂದಾಗ ಫಲ ಕಂಡಿತು. ಅರ್ಧ ಶತಮಾನದ ಹಿಂದೆ ನಮ್ಮದೇ ನೆಲದಲ್ಲಿ ಪರೀಕ್ಷಿಸಿ ತಿಳಿದ ಸಂಗತಿ ಇದು.

ಆದುದರಿಂದ ನಿಮ್ಮ ಮಕ್ಕಳ ಅಥವಾ ಮೊಮ್ಮಕ್ಕಳ ಶಾಲೆಯವರು ತರಗತಿಯ ಗೋಡೆಗೆ ದೊಡ್ಡ ಪರದೆ ಹಾಕಿಸುತ್ತೇವೆಂದು ಹೇಳಿ, ಅದಕ್ಕಾಗಿ ಹಣವನ್ನೂ ಕೇಳಿದಾಗ ಬೇಡವೆನ್ನಬೇಡಿ. ಎರಡು ಪ್ರಶ್ನೆಗಳನ್ನು ಮಾತ್ರ ಕೇಳಿ. ಈ ಪರದೆಯನ್ನು ಬಳಸುವ ಉಪಾಧ್ಯಾಯರಿಗೆ ಎಷ್ಟು ದಿನ ತರಬೇತಿ ಕೊಟ್ಟಿದ್ದೀರಿ? ಪರದೆ ಆರಿದ ಮೇಲೆ ಅವರು ಮಕ್ಕಳಿಂದ ಏನು ಮಾಡಿಸುತ್ತಾರೆ? ಪರದೆಯ ಬೆಲೆಯನ್ನು ಅಂಗಡಿಯವನೇ ಹೇಳುತ್ತಾನೆ. ಈ ಎರಡು ಪ್ರಶ್ನೆಗಳ ಉತ್ತರವನ್ನು ಮಾತ್ರ ಶಾಲೆಯವರ ಬಾಯಿಂದಲೇ ಕೇಳಿ ತಿಳಿಯಬೇಕು.